ಲಿಪಿಡ್‌ಗಳನ್ನು ಬಾಯಿಪಾಠ ಮಾಡದೆ ಕಲಿಯುವುದು: ರಚನೆಯಿಂದ ಕೆಲಸವನ್ನು ಓದುವ ಕ್ರಮ

ಜೀವರಸಾಯನಶಾಸ್ತ್ರ ಓದುತ್ತಿರುವವರಿಂದ ಪದೇ ಪದೇ ಬರುವ ಪ್ರಶ್ನೆಯೊಂದಿದೆ. ಕಾರ್ಬೋಹೈಡ್ರೇಟ್, ಪ್ರೋಟೀನ್, ನ್ಯೂಕ್ಲಿಯಿಕ್ ಆಮ್ಲಗಳು ಹೇಗೋ ತಲೆಗೆ ಹತ್ತುತ್ತವೆ, ಲಿಪಿಡ್‌ಗಳ ಅಧ್ಯಾಯ ಮುಗಿದಾಗ ಮಾತ್ರ ಹೆಸರುಗಳ ಪಟ್ಟಿಯೊಂದೇ ಕೈಯಲ್ಲಿ ಉಳಿಯುತ್ತದೆ, ಇದಕ್ಕೇನು ಮಾಡಬೇಕು ಎಂಬುದೇ ಆ ಪ್ರಶ್ನೆ. ಈ ತೊಡಕಿಗೆ ಸರಿಯಾದ ಕಾರಣವಿದೆ. ಉಳಿದ ಮೂರು ವರ್ಗಗಳಿಗೆ ಸಕ್ಕರೆ, ಅಮೈನೋ ಆಮ್ಲ, ನ್ಯೂಕ್ಲಿಯೋಟೈಡ್ ಎಂಬ ಒಂದೊಂದು ಮೂಲಘಟಕವಿದ್ದು, ಅದನ್ನು ಹಿಡಿದರೆ ಇಡೀ ವರ್ಗ ಹಿಡಿತಕ್ಕೆ ಬರುತ್ತದೆ. ಲಿಪಿಡ್‌ಗಳಿಗೆ ಅಂಥ ಸಮಾನ ಘಟಕವಿಲ್ಲ. ಉದ್ದ ಸರಪಳಿಯ ಆಮ್ಲವೂ ಲಿಪಿಡ್, ನಾಲ್ಕು ಉಂಗುರಗಳ ಕೊಲೆಸ್ಟ್ರಾಲ್ ಕೂಡ ಲಿಪಿಡ್.

ಆದ್ದರಿಂದ ಪಟ್ಟಿಯನ್ನು ಪಕ್ಕಕ್ಕಿಟ್ಟು, ಅಣುವಿನ ಚಿತ್ರವನ್ನೇ ಓದುವುದನ್ನು ರೂಢಿಸಿಕೊಳ್ಳಿ. ಯಾವುದೇ ಲಿಪಿಡ್ ಎದುರಾದಾಗ, ನೀರಿನೊಡನೆ ಬೆರೆಯುವ ಭಾಗ ಎಲ್ಲಿದೆ, ಬೆರೆಯದ ಭಾಗ ಎಷ್ಟು ದೊಡ್ಡದಿದೆ, ಇವೆರಡೂ ಸೇರಿ ಅಣುವಿಗೆ ಯಾವ ಆಕಾರ ಬಂದಿದೆ ಎಂದು ಕೇಳಿಕೊಂಡರೆ, ಆ ಅಣು ದೇಹದಲ್ಲಿ ಮಾಡುವ ಕೆಲಸದ ಬಹುಪಾಲು ಅಲ್ಲಿಯೇ ಕಾಣಿಸುತ್ತದೆ. ಈ ಲೇಖನ ಆ ಓದನ್ನು ಹಂತ ಹಂತವಾಗಿ ಕಲಿಸುತ್ತದೆ.

ಬೇಕಾಗುವ ಸಿದ್ಧತೆ

ಪೆನ್ಸಿಲ್ ಮತ್ತು ಹಾಳೆ ಇಟ್ಟುಕೊಳ್ಳಿ. ಕಣ್ಣಿನಲ್ಲಿ ಓದಿದರೆ ಸಾಲದು, ಅಣುಗಳನ್ನು ಕೈಯಾರೆ ಬರೆಯಲೇಬೇಕು. ಇಂಗಾಲ ನಾಲ್ಕು ಬಂಧ, ಆಮ್ಲಜನಕ ಎರಡು, ಜಲಜನಕ ಒಂದು ಬಂಧ ಮಾಡುತ್ತದೆ ಎಂಬುದು ತಿಳಿದಿರಬೇಕು. ಇದರ ಜೊತೆಗೆ ಕೆಲವು ಪಾರಿಭಾಷಿಕ ಪದಗಳು ಬೇಕಾಗುತ್ತವೆ. ವಿದ್ಯುದಂಶವನ್ನು ಹೊತ್ತಿರುವ ಅಥವಾ ಅದು ಅಸಮನಾಗಿ ಹಂಚಿಹೋಗಿರುವ, ಆ ಕಾರಣದಿಂದ ನೀರಿನ ಅಣುಗಳೊಡನೆ ಸುಲಭವಾಗಿ ಹೊಂದಿಕೊಳ್ಳುವ ಭಾಗವನ್ನು ಜಲಾಕರ್ಷಕ ಎನ್ನುತ್ತಾರೆ. ಇಂಗಾಲ ಮತ್ತು ಜಲಜನಕಗಳಷ್ಟೇ ಇರುವ, ನೀರಿನೊಡನೆ ಹೊಂದಿಕೊಳ್ಳದ ಭಾಗ ಜಲವಿಕರ್ಷಕ. ಎರಡೂ ಭಾಗಗಳು ಒಂದೇ ಅಣುವಿನಲ್ಲಿದ್ದರೆ ಅದು ಉಭಯಗುಣಿ. ಆಮ್ಲದ ಕಾರ್ಬಾಕ್ಸಿಲ್ ಗುಂಪು ಮತ್ತು ಆಲ್ಕೋಹಾಲಿನ ಹೈಡ್ರಾಕ್ಸಿಲ್ ಗುಂಪು ಒಂದು ನೀರಿನ ಅಣುವನ್ನು ಹೊರಹಾಕಿ ಕೂಡಿಕೊಂಡಾಗ ಆಗುವ ಬಂಧ ಎಸ್ಟರ್ ಬಂಧ.

ಹಂತ 1: ನೀರಿನೊಡನೆ ಇರುವ ಸಂಬಂಧವನ್ನು ಮೊದಲು ಸರಿಯಾಗಿ ತಿಳಿಯಿರಿ

ಲಿಪಿಡ್ ಎಂಬ ವರ್ಗವನ್ನು ನಿರ್ಧರಿಸುವುದು ರಚನೆಯಲ್ಲ, ಕರಗುವ ಗುಣ. ನೀರಿನಲ್ಲಿ ಕರಗದೆ, ಅಥವಾ ಅತಿ ಕಡಿಮೆ ಕರಗಿ, ಕ್ಲೋರೋಫಾರ್ಮ್ ಮತ್ತು ಈಥರ್‌ನಂಥ ದ್ರಾವಕಗಳಲ್ಲಿ ಕರಗುವ ಜೈವಿಕ ಅಣುಗಳನ್ನೆಲ್ಲ ಈ ಹೆಸರಿನಡಿ ಸೇರಿಸಲಾಗಿದೆ.

ಇಲ್ಲಿ ಬಹುತೇಕರು ಎಡವುವ ಜಾಗವೊಂದಿದೆ. ಎಣ್ಣೆಯ ಅಣುವು ನೀರನ್ನು ತಳ್ಳುತ್ತದೆ ಎಂದು ಭಾವಿಸುವುದು ತಪ್ಪು. ಅವೆರಡರ ನಡುವೆ ವಿಕರ್ಷಣ ಬಲವೇನೂ ಇಲ್ಲ. ನೀರಿನ ಅಣುಗಳು ಪರಸ್ಪರ ಹೈಡ್ರೋಜನ್ ಬಂಧಗಳಿಂದ ಬೆಸೆದುಕೊಂಡು, ಕ್ಷಣಕ್ಷಣವೂ ಜೊತೆ ಬದಲಿಸುತ್ತಿರುತ್ತವೆ. ನಡುವೆ ಒಂದು ಇಂಗಾಲ ಸರಪಳಿ ಬಂದರೆ ಅದರ ಸುತ್ತಲಿನ ನೀರಿನ ಅಣುಗಳಿಗೆ ಆ ಸ್ವಾತಂತ್ರ್ಯ ತಗ್ಗಿ, ಅವು ಒಂದು ಕ್ರಮದಲ್ಲಿ ನಿಲ್ಲಬೇಕಾಗುತ್ತದೆ. ಸರಪಳಿಗಳು ಒಂದೆಡೆ ಗುಂಪುಗೂಡಿದರೆ ಹೀಗೆ ಕಟ್ಟುಬಿದ್ದ ನೀರಿನ ಅಣುಗಳ ಸಂಖ್ಯೆ ಕಡಿಮೆಯಾಗುತ್ತದೆ, ಅಂದರೆ ಒಟ್ಟು ವ್ಯವಸ್ಥೆಯ ಎಂಟ್ರೊಪಿ, ಎಂದರೆ ಅಸ್ತವ್ಯಸ್ತತೆಯ ಅಳತೆ, ಹೆಚ್ಚುತ್ತದೆ. ಹೀಗಾಗಿ ಲಿಪಿಡ್‌ಗಳನ್ನು ಒಟ್ಟುಗೂಡಿಸುವುದು ಮುಖ್ಯವಾಗಿ ನೀರೇ. ಕೋಶಪೊರೆ ತಾನಾಗಿಯೇ ಕಟ್ಟಿಕೊಳ್ಳುವುದಕ್ಕೂ ಕಾರಣ ಇದೇ ಆದ್ದರಿಂದ, ಈ ಮಾತು ಮನಸ್ಸಿಗೆ ಕೂರುವವರೆಗೆ ಮುಂದೆ ಹೋಗಬೇಡಿ.

ಲಿಪಿಡ್ ಎಂದರೆ ಕೊಬ್ಬು ಎಂಬ ಸಮೀಕರಣವನ್ನೂ ಇಲ್ಲಿಯೇ ಬಿಟ್ಟುಬಿಡಿ. ಕೊಬ್ಬು ಲಿಪಿಡ್‌ಗಳಲ್ಲಿ ಒಂದು ಬಗೆ ಮಾತ್ರ.

ಹಂತ 2: ಕೊಬ್ಬಿನ ಆಮ್ಲವನ್ನು ಬರೆದು, ಅದರ ಸಂಖ್ಯಾಸೂಚಿಯನ್ನು ಓದಿ

ಇಡೀ ಲೇಖನದಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಒಂದು ತುದಿಯಲ್ಲಿ ಕಾರ್ಬಾಕ್ಸಿಲ್ ಗುಂಪು, ಅದರಿಂದ ಹೊರಟ ಇಂಗಾಲದ ಸರಪಳಿ, ಇನ್ನೊಂದು ತುದಿಯಲ್ಲಿ ಮೀಥೈಲ್ ಗುಂಪು, ಇಷ್ಟೇ ಕೊಬ್ಬಿನ ಆಮ್ಲದ ರಚನೆ. 16 ಇಂಗಾಲಗಳ ಪಾಮಿಟಿಕ್ ಆಮ್ಲವನ್ನು ಅಂಕುಡೊಂಕು ಗೆರೆಯಾಗಿ ಬರೆಯಿರಿ. ಪ್ರತಿ ತಿರುವೂ ಒಂದು ಇಂಗಾಲ. ಕಾರ್ಬಾಕ್ಸಿಲ್ ಗುಂಪಿನ ಇಂಗಾಲವೇ ಮೊದಲನೆಯದು. ದೇಹದಲ್ಲಿನ ಸಾಮಾನ್ಯ ಸ್ಥಿತಿಯಲ್ಲಿ ಆ ಗುಂಪು ಪ್ರೋಟಾನನ್ನು ಬಿಟ್ಟುಕೊಟ್ಟು ಋಣ ವಿದ್ಯುದಂಶವನ್ನು ಹೊತ್ತಿರುತ್ತದೆ ಎಂಬುದನ್ನು ಚಿತ್ರದಲ್ಲಿ ಗುರುತಿಸಿ.

ದೇಹದಲ್ಲಿ ಕಾಣುವ ಕೊಬ್ಬಿನ ಆಮ್ಲಗಳಲ್ಲಿ ಇಂಗಾಲಗಳ ಸಂಖ್ಯೆ ಸಾಮಾನ್ಯವಾಗಿ ಸಮಸಂಖ್ಯೆಯೇ ಆಗಿರುತ್ತದೆ, ಅದರಲ್ಲೂ 16 ಮತ್ತು 18 ಹೆಚ್ಚು. ಕೋಶವು ಈ ಸರಪಳಿಯನ್ನು ಕಟ್ಟುವಾಗ ಪ್ರತಿ ಸುತ್ತಿನಲ್ಲೂ ಎರಡೆರಡು ಇಂಗಾಲಗಳನ್ನು ಸೇರಿಸುತ್ತ ಹೋಗುವುದರಿಂದ ಹೀಗಾಗುತ್ತದೆ.

ಈಗ ಸಂಖ್ಯಾಸೂಚಿಗೆ ಬನ್ನಿ. ಪಾಮಿಟಿಕ್ ಆಮ್ಲವನ್ನು 16:0 ಎಂದು ಬರೆಯುತ್ತಾರೆ. ಮೊದಲ ಅಂಕಿ ಇಂಗಾಲಗಳ ಸಂಖ್ಯೆ, ಎರಡನೆಯದು ದ್ವಿಬಂಧಗಳ ಸಂಖ್ಯೆ. ದ್ವಿಬಂಧವಿಲ್ಲದ್ದು ಪರ್ಯಾಪ್ತ ಆಮ್ಲ, ಇರುವುದು ಅಪರ್ಯಾಪ್ತ ಆಮ್ಲ. ಓಲಿಯಿಕ್ ಆಮ್ಲ 18:1, ಅದರ ದ್ವಿಬಂಧ 9ನೆಯ ಇಂಗಾಲದಿಂದ ಆರಂಭವಾಗುತ್ತದೆ. ಲಿನೋಲಿಯಿಕ್ ಆಮ್ಲ 18:2, ಸ್ಥಾನಗಳು 9 ಮತ್ತು 12. ಆಲ್ಫಾ ಲಿನೋಲೆನಿಕ್ ಆಮ್ಲ 18:3, ಸ್ಥಾನಗಳು 9, 12 ಮತ್ತು 15.

ಓಲಿಯಿಕ್ ಆಮ್ಲವನ್ನು ಬರೆಯುವಾಗ ದ್ವಿಬಂಧದ ಎರಡೂ ಕಡೆಯ ಸರಪಳಿಗಳನ್ನು ಒಂದೇ ಬದಿಗೆ ಬರುವಂತೆ ಬರೆಯಿರಿ. ಈ ಜೋಡಣೆಗೆ ಸಿಸ್ ಎಂದು ಹೆಸರು. ಹಾಗೆ ಬರೆದ ಕೂಡಲೇ ನೆಟ್ಟಗಿದ್ದ ಸರಪಳಿ ನಡುವೆ ಬಾಗಿರುವುದು ನಿಮಗೇ ಕಾಣುತ್ತದೆ. ಆ ಬಾಗಿನ ಪರಿಣಾಮವನ್ನು ಅಂಕಿಗಳಲ್ಲಿ ನೋಡಿ. ದ್ವಿಬಂಧವಿಲ್ಲದ 18 ಇಂಗಾಲಗಳ ಸ್ಟಿಯರಿಕ್ ಆಮ್ಲ ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಒಂದು ಸಿಸ್ ದ್ವಿಬಂಧ ಬಂದೊಡನೆ ಅದು ಸುಮಾರು 13 ಡಿಗ್ರಿಗೆ ಇಳಿಯುತ್ತದೆ. ಎರಡಾದಾಗ ಸೊನ್ನೆಗಿಂತ 5 ಡಿಗ್ರಿ ಕೆಳಗೆ, ಮೂರಾದಾಗ 11 ಡಿಗ್ರಿ ಕೆಳಗೆ. ನೆಟ್ಟಗಿನ ಸರಪಳಿಗಳು ಒತ್ತೊತ್ತಾಗಿ ಜೋಡಣೆಗೊಂಡು ಗಟ್ಟಿಯಾಗುತ್ತವೆ, ಬಾಗಿದವು ಹಾಗೆ ಒತ್ತಿಕೊಳ್ಳಲಾರವು. ಮೊದಲ ಬಾಗಿಗೇ ಇಷ್ಟು ದೊಡ್ಡ ಇಳಿತ ಬಂದಿದೆ ಎಂಬುದನ್ನು ಗಮನಿಸಿ. ತಂಪು ಹೆಚ್ಚಾದಾಗ ಬ್ಯಾಕ್ಟೀರಿಯಗಳು ತಮ್ಮ ಪೊರೆಯಲ್ಲಿ ಅಪರ್ಯಾಪ್ತ ಸರಪಳಿಗಳ ಪ್ರಮಾಣವನ್ನು ಹೆಚ್ಚಿಸಿಕೊಳ್ಳುವುದು ಇದೇ ಗುಣವನ್ನು ಬಳಸಿಕೊಂಡು.

ಒಮೆಗಾ ಎಂಬ ಮಾತು ಎಲ್ಲರಿಗೂ ಪರಿಚಿತ, ಲೆಕ್ಕ ಮಾತ್ರ ಹಲವರಿಗೆ ತಪ್ಪುತ್ತದೆ. ಒಮೆಗಾ ಸಂಖ್ಯೆಯನ್ನು ಎಣಿಸುವುದು ಮೀಥೈಲ್ ತುದಿಯಿಂದ. ಒಟ್ಟು ಇಂಗಾಲಗಳಿಂದ ಕೊನೆಯ ದ್ವಿಬಂಧದ ಸ್ಥಾನವನ್ನು ಕಳೆದರೆ ಸಾಕು: ಲಿನೋಲಿಯಿಕ್ ಆಮ್ಲಕ್ಕೆ 18ರಿಂದ 12 ಕಳೆದರೆ 6, ಆದ್ದರಿಂದ ಒಮೆಗಾ-6, ಆಲ್ಫಾ ಲಿನೋಲೆನಿಕ್ ಆಮ್ಲಕ್ಕೆ 18ರಿಂದ 15 ಕಳೆದರೆ 3, ಆದ್ದರಿಂದ ಒಮೆಗಾ-3. ಮೆದುಳಿನಲ್ಲಿಯೂ ಕಣ್ಣಿನ ಅಕ್ಷಿಪಟಲದಲ್ಲಿಯೂ ಹೇರಳವಾಗಿರುವ ಡಿಎಚ್‌ಎ ಎಂಬ ಕೊಬ್ಬಿನ ಆಮ್ಲ 22:6, ಅದರ ಕೊನೆಯ ದ್ವಿಬಂಧ 19ರಲ್ಲಿ. ಅದು ಯಾವ ಕುಟುಂಬದ್ದೆಂದು ನೀವೇ ಲೆಕ್ಕ ಹಾಕಿ.

ಈ ಎಣಿಕೆಗೆ ಜೈವಿಕ ಅರ್ಥವಿದೆ. ನಮ್ಮ ದೇಹದ ಕಿಣ್ವಗಳು ಸರಪಳಿಯ ಕಾರ್ಬಾಕ್ಸಿಲ್ ಕಡೆಯಲ್ಲಿ ಇಂಗಾಲಗಳನ್ನೂ ದ್ವಿಬಂಧಗಳನ್ನೂ ಸೇರಿಸಬಲ್ಲವು, 9ನೆಯ ಸ್ಥಾನದಿಂದ ಆಚೆ ಮೀಥೈಲ್ ತುದಿಯವರೆಗೆ ಹೊಸ ದ್ವಿಬಂಧವನ್ನು ಮಾತ್ರ ತರಲಾರವು. ಹೀಗಾಗಿ ಒಮೆಗಾ-6 ಆಮ್ಲ ಎಷ್ಟು ಬದಲಾದರೂ ಒಮೆಗಾ-6 ಆಗಿಯೇ ಉಳಿಯುತ್ತದೆ, ಲಿನೋಲಿಯಿಕ್ ಮತ್ತು ಆಲ್ಫಾ ಲಿನೋಲೆನಿಕ್ ಆಮ್ಲಗಳು ಆಹಾರದಿಂದಲೇ ಬರಬೇಕು. ಕೊಬ್ಬಿನ ಆಮ್ಲವೊಂದು ಆಹಾರದಲ್ಲಿ ಅನಿವಾರ್ಯ ಎಂಬುದನ್ನು ಜಾರ್ಜ್ ಬರ್ ಮತ್ತು ಮಿಲ್‌ಡ್ರೆಡ್ ಬರ್ ಇಲಿಗಳ ಮೇಲಿನ ಪ್ರಯೋಗಗಳಿಂದ 1929 ಮತ್ತು 1930ರಲ್ಲಿ ತೋರಿಸಿದರು.

ಎಚ್ಚರಿಕೆ: ಅಪರ್ಯಾಪ್ತ ಎಂದೊಡನೆ ಬಾಗಿದ ಸರಪಳಿ ಎಂದು ಬರೆಯಬೇಡಿ. ದ್ವಿಬಂಧದ ಎರಡು ಕಡೆಯ ಸರಪಳಿಗಳು ವಿರುದ್ಧ ಬದಿಗಳಲ್ಲಿದ್ದರೆ, ಅಂದರೆ ಟ್ರಾನ್ಸ್ ಜೋಡಣೆಯಲ್ಲಿದ್ದರೆ, ಸರಪಳಿ ಬಹುಮಟ್ಟಿಗೆ ನೆಟ್ಟಗೇ ಇರುತ್ತದೆ. ಓಲಿಯಿಕ್ ಆಮ್ಲದ ಟ್ರಾನ್ಸ್ ರೂಪವಾದ ಎಲೈಡಿಕ್ ಆಮ್ಲ ಸುಮಾರು 45 ಡಿಗ್ರಿಯವರೆಗೂ ಗಟ್ಟಿಯಾಗಿರುವುದು ಈ ಕಾರಣದಿಂದ. ಎರಡಕ್ಕೂ ಅಣುಸೂತ್ರ ಒಂದೇ, ಗುಣ ಬೇರೆ. ಹಾಗೆಯೇ, ಬಹು ಅಪರ್ಯಾಪ್ತ ಆಮ್ಲಗಳಲ್ಲಿ ದ್ವಿಬಂಧಗಳನ್ನು ಅಕ್ಕಪಕ್ಕದಲ್ಲಿ ಬರೆಯುವುದೂ ಸಾಮಾನ್ಯವಾದ ತಪ್ಪು. ಎರಡು ದ್ವಿಬಂಧಗಳ ನಡುವೆ ಏಕಬಂಧಗಳುಳ್ಳ ಒಂದು ಇಂಗಾಲ ಇರುತ್ತದೆ. ಆ ಇಂಗಾಲದ ಜಲಜನಕ ಸುಲಭವಾಗಿ ಕಳಚಿಕೊಳ್ಳುವುದರಿಂದಲೇ ಇಂಥ ಆಮ್ಲಗಳು ಗಾಳಿಯಲ್ಲಿ ಬೇಗ ಕಮಟುತ್ತವೆ, ಪೊರೆಗಳಲ್ಲಿ ಅವುಗಳ ರಕ್ಷಣೆಗೆ ವಿಟಮಿನ್ ಇ ಬೇಕಾಗುತ್ತದೆ.

ಹಂತ 3: ಸರಪಳಿ ಯಾವುದಕ್ಕೆ ಅಂಟಿಕೊಂಡಿದೆ ನೋಡಿ

ಗ್ಲಿಸರಾಲ್ ಮೂರು ಇಂಗಾಲಗಳ, ಮೂರು ಹೈಡ್ರಾಕ್ಸಿಲ್ ಗುಂಪುಗಳ ಪುಟ್ಟ ಅಣು. ಆ ಮೂರೂ ಗುಂಪುಗಳಿಗೆ ಒಂದೊಂದು ಕೊಬ್ಬಿನ ಆಮ್ಲ ಎಸ್ಟರ್ ಬಂಧದಿಂದ ಸೇರಿ, ಮೂರು ನೀರಿನ ಅಣುಗಳು ಹೊರಬಿದ್ದರೆ ಟ್ರೈಗ್ಲಿಸರೈಡ್ ಆಗುತ್ತದೆ. ನಾವು ಕೊಬ್ಬು, ಎಣ್ಣೆ ಎಂದು ಕರೆಯುವುದು ಇದನ್ನೇ. ಮೂರು ಸರಪಳಿಗಳೂ ಒಂದೇ ಬಗೆಯವು ಆಗಿರಬೇಕಿಲ್ಲ, ಸಾಮಾನ್ಯವಾಗಿ ಆಗಿರುವುದೂ ಇಲ್ಲ.

ಈಗ ಚಿತ್ರವನ್ನು ಓದಿ. ಕೊಬ್ಬಿನ ಆಮ್ಲದ ಜಲಾಕರ್ಷಕ ತುದಿಯೂ ಗ್ಲಿಸರಾಲಿನ ಜಲಾಕರ್ಷಕ ಗುಂಪುಗಳೂ ಎಸ್ಟರ್ ಬಂಧದಲ್ಲಿ ಮುಗಿದುಹೋಗಿವೆ. ಉಳಿದಿರುವುದು ಹೆಚ್ಚುಕಡಿಮೆ ಜಲವಿಕರ್ಷಕ ಭಾಗವೇ. ಅಂದಮೇಲೆ ಈ ಅಣು ನೀರಿನೊಡನೆ ಮುಖಾಮುಖಿಯಾಗುವ ಪೊರೆಯಲ್ಲಿ ನಿಲ್ಲಲಾರದು, ನೀರಿನಿಂದ ಬೇರ್ಪಟ್ಟು ಹನಿಯಾಗಿ ಶೇಖರವಾಗುತ್ತದೆ. ಶೇಖರಣೆಯೇ ಅದರ ಕೆಲಸ. ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೋಕ್ಯಾಲರಿ ಶಕ್ತಿ ದೊರೆತರೆ, ಕಾರ್ಬೋಹೈಡ್ರೇಟಿನಿಂದ ಸುಮಾರು 4 ದೊರೆಯುತ್ತದೆ. ಕೊಬ್ಬಿನ ಸರಪಳಿಯ ಇಂಗಾಲಗಳು ಇನ್ನೂ ಆಮ್ಲಜನಕದೊಡನೆ ಕೂಡಿಲ್ಲದಿರುವುದರಿಂದ ದಹನಕ್ಕೆ ಅವಕಾಶ ಹೆಚ್ಚು. ಗ್ಲೈಕೋಜನ್ ತನ್ನ ತೂಕದ ಎರಡರಷ್ಟು ಅಥವಾ ಅದಕ್ಕೂ ಹೆಚ್ಚು ನೀರನ್ನು ಜೊತೆಗೇ ಹೊತ್ತಿರುತ್ತದೆ, ಕೊಬ್ಬಿನ ಹನಿಯಲ್ಲಿ ನೀರಿಲ್ಲ. ಹೀಗಾಗಿ ನಿಜವಾದ ತೂಕದ ಲೆಕ್ಕದಲ್ಲಿ ಅಂತರ ಇನ್ನೂ ದೊಡ್ಡದು, ಬಹುದೂರ ಹಾರುವ ವಲಸೆ ಹಕ್ಕಿಗಳು ಕೊಬ್ಬನ್ನೇ ನೆಚ್ಚಿಕೊಳ್ಳುವುದು ಇದಕ್ಕಾಗಿ.

ಲೆಕ್ಕ ಮಾಡುವವರಿಗೆ ಒಂದು ಸೂಚನೆ. ಪಾಮಿಟಿಕ್ ಆಮ್ಲದ 16 ಇಂಗಾಲಗಳು ಬೀಟಾ ಆಕ್ಸಿಡೀಕರಣದಲ್ಲಿ, ಅಂದರೆ ಎರಡೆರಡು ಇಂಗಾಲಗಳಾಗಿ ಕತ್ತರಿಸುವ ಕ್ರಿಯೆಯಲ್ಲಿ, 8 ಅಸಿಟೈಲ್ ತುಂಡುಗಳಾಗುತ್ತವೆ. ಅದಕ್ಕೆ ಬೇಕಾಗುವ ಸುತ್ತುಗಳು 8 ಅಲ್ಲ, 7, ಏಕೆಂದರೆ ಕೊನೆಯ ಕತ್ತರಿಸುವಿಕೆಯಲ್ಲಿ ಎರಡು ತುಂಡುಗಳು ಒಟ್ಟಿಗೆ ಸಿಗುತ್ತವೆ. ಇದರಿಂದ ದೊರೆಯುವ ಎಟಿಪಿ, ಅಂದರೆ ಕೋಶವು ಶಕ್ತಿಗಾಗಿ ಬಳಸುವ ಅಣುಗಳ ಸಂಖ್ಯೆ, ಹಳೆಯ ಪುಸ್ತಕಗಳಲ್ಲಿ 129 ಎಂದೂ ಹೊಸವುಗಳಲ್ಲಿ 106 ಎಂದೂ ಇರುತ್ತದೆ. ಕ್ರಿಯೆ ಬದಲಾಗಿಲ್ಲ, ಎರಡು ಬಗೆಯ ಎಲೆಕ್ಟ್ರಾನ್ ವಾಹಕಗಳಿಂದ ಎಷ್ಟು ಎಟಿಪಿ ಸಿಗುತ್ತದೆ ಎಂಬ ಅಂದಾಜು ಕ್ರಮವಾಗಿ 3 ಮತ್ತು 2ರಿಂದ 2.5 ಮತ್ತು 1.5ಕ್ಕೆ ತಿದ್ದುಪಡಿಯಾಗಿದೆ.

ಗ್ಲಿಸರಾಲಿನ ಬದಲು ಒಂದು ಉದ್ದ ಸರಪಳಿಯ ಆಲ್ಕೋಹಾಲಿಗೆ ಕೊಬ್ಬಿನ ಆಮ್ಲ ಸೇರಿದರೆ ಅದು ಮೇಣ. ಎರಡೂ ಕಡೆ ಉದ್ದದ ಸರಪಳಿ, ನಡುವೆ ಒಂದೇ ಎಸ್ಟರ್ ಬಂಧ; ಎಲೆಗಳ ಮೇಲ್ಮೈಯಲ್ಲಿ, ಹಕ್ಕಿಯ ಗರಿಗಳಲ್ಲಿ ನೀರನ್ನು ತಡೆಯಲು ಇದಕ್ಕಿಂತ ಹೊಂದುವ ರಚನೆ ಇಲ್ಲ.

ಹಂತ 4: ತಲೆ ಮತ್ತು ಬಾಲಗಳ ಅಳತೆ ನೋಡಿ ಆಕಾರ ನಿರ್ಧರಿಸಿ

ಟ್ರೈಗ್ಲಿಸರೈಡಿನ ಮೂರನೆಯ ಸರಪಳಿಯನ್ನು ಅಳಿಸಿ, ಆ ಜಾಗದಲ್ಲಿ ಫಾಸ್ಫೇಟ್ ಗುಂಪನ್ನು, ಅದರ ಆಚೆ ಕೋಲಿನ್ ಎಂಬ ಧನ ವಿದ್ಯುದಂಶದ ಗುಂಪನ್ನು ಬರೆಯಿರಿ. ಈಗ ನಿಮ್ಮ ಮುಂದಿರುವುದು ಫಾಸ್ಫಟೈಡಿಲ್ ಕೋಲಿನ್, ಲೆಸಿಥಿನ್ ಎಂಬ ಹೆಸರಿನಲ್ಲಿ ಹಲವರಿಗೆ ಗೊತ್ತಿರುವ ಫಾಸ್ಫೋಲಿಪಿಡ್. ಶೇಖರಣೆಯ ಅಣುವೊಂದು ಒಂದೇ ಬದಲಾವಣೆಯಿಂದ ಪೊರೆಯ ಅಣುವಾಗಿದೆ.

ಇದು ಹೇಗೆಂಬುದನ್ನು ಆಕಾರವೇ ಹೇಳುತ್ತದೆ. ಜಲಾಕರ್ಷಕ ಭಾಗವನ್ನು ತಲೆ ಎಂದೂ ಜಲವಿಕರ್ಷಕ ಸರಪಳಿಯನ್ನು ಬಾಲ ಎಂದೂ ಕರೆಯುತ್ತಾರೆ. ಒಂದೇ ಬಾಲದ ಅಣುವಿನಲ್ಲಿ ತಲೆ ಅಗಲ, ಬಾಲ ಕಿರಿದು. ಅಂಥವು ನೀರಿನಲ್ಲಿ ಬಾಲಗಳನ್ನು ಒಳಗಿಟ್ಟು ಗೋಳವಾಗಿ ಕೂಡುತ್ತವೆ. ಸಾಬೂನು ಕೆಲಸ ಮಾಡುವುದು ಹೀಗೆ, ಈ ಗೋಳಕ್ಕೆ ಮಿಸೆಲ್ ಎಂದು ಹೆಸರು. ಎರಡು ಬಾಲಗಳಿದ್ದಾಗ ತಲೆಯ ಅಗಲಕ್ಕೂ ಬಾಲಗಳ ಅಗಲಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ, ಅಣು ಕೊಳವೆಯಾಕಾರಕ್ಕೆ ಹತ್ತಿರವಾಗುತ್ತದೆ. ಅಂಥ ಅಣುಗಳು ಪಕ್ಕಪಕ್ಕದಲ್ಲಿ ನಿಂತರೆ ಹಾಳೆಯಾಗುತ್ತದೆ, ಅಂಥ ಎರಡು ಹಾಳೆಗಳು ಬಾಲಗಳನ್ನು ಒಳಮುಖವಾಗಿಸಿ ಕೂಡಿದರೆ ದ್ವಿಪದರ. ಹಾಳೆಯ ಅಂಚಿನಲ್ಲಿ ಬಾಲಗಳು ನೀರಿಗೆ ತೆರೆದುಕೊಳ್ಳಬಾರದಾದ್ದರಿಂದ ಅದು ತಾನೇ ಬಾಗಿ ಮುಚ್ಚಿಕೊಂಡು ಚೀಲವಾಗುತ್ತದೆ. ಪೊರೆ ಹರಿದರೆ ಮತ್ತೆ ಕೂಡಿಕೊಳ್ಳುವ ಗುಣವೂ ಇದರಿಂದಲೇ ಬಂದದ್ದು.

ಪೊರೆಯಲ್ಲಿ ಎರಡು ಪದರಗಳಿವೆ ಎಂಬುದನ್ನು ಡಚ್ ವಿಜ್ಞಾನಿಗಳಾದ ಗಾರ್ಟರ್ ಮತ್ತು ಗ್ರೆಂಡೆಲ್ 1925ರಲ್ಲಿ ಸೂಚಿಸಿದರು. ಕೆಂಪು ರಕ್ತಕಣಗಳ ಲಿಪಿಡ್‌ಗಳನ್ನು ಬೇರ್ಪಡಿಸಿ, ನೀರಿನ ಮೇಲೆ ಒಂದೇ ಪದರವಾಗಿ ಹರಡಿ ಅಳೆದಾಗ, ಅದರ ವಿಸ್ತೀರ್ಣ ಕಣಗಳ ಮೇಲ್ಮೈಯ ಸುಮಾರು ಎರಡರಷ್ಟಿತ್ತು. ಅವರ ಪ್ರಯೋಗದಲ್ಲಿ ಲಿಪಿಡ್ ಪೂರ್ತಿ ಹೊರಬಂದಿರಲಿಲ್ಲ, ಕಣದ ಮೇಲ್ಮೈಯನ್ನೂ ಕಡಿಮೆ ಅಂದಾಜಿಸಲಾಗಿತ್ತು; ಎರಡು ದೋಷಗಳು ಪರಸ್ಪರ ರದ್ದಾಗಿ ತೀರ್ಮಾನ ಸರಿಯಾಗಿಯೇ ನಿಂತಿತು. ಪ್ರೋಟೀನ್‌ಗಳು ಈ ದ್ವಿಪದರದಲ್ಲಿ ಹುದುಗಿ ಚಲಿಸುತ್ತವೆ ಎಂಬ ದ್ರವ ಮೊಸಾಯಿಕ್ ಮಾದರಿಯನ್ನು ಸಿಂಗರ್ ಮತ್ತು ನಿಕೋಲ್ಸನ್ 1972ರಲ್ಲಿ ಮಂಡಿಸಿದರು.

ಪೊರೆಯನ್ನು ಬರೆಯುವಾಗ ಎರಡೂ ಪದರಗಳಲ್ಲಿ ಒಂದೇ ಬಗೆಯ ತಲೆಗಳನ್ನು ಬರೆದುಬಿಡುವುದು ರೂಢಿ, ಅದು ತಪ್ಪು. ಫಾಸ್ಫಟೈಡಿಲ್ ಸೆರಿನ್ ಎಂಬ ಋಣ ವಿದ್ಯುದಂಶದ ಲಿಪಿಡ್ ಆರೋಗ್ಯವಂತ ಕೋಶದಲ್ಲಿ ಒಳಪದರದಲ್ಲಿಯೇ ಇರುತ್ತದೆ. ಲಿಪಿಡ್ ಅಣು ತನ್ನ ಪದರದೊಳಗೆ ವೇಗವಾಗಿ ಸರಿದಾಡಬಲ್ಲದು, ಜಲಾಕರ್ಷಕ ತಲೆಯನ್ನು ಎಣ್ಣೆಯಂಥ ಒಳಭಾಗದ ಮೂಲಕ ದಾಟಿಸಿ ಇನ್ನೊಂದು ಪದರಕ್ಕೆ ಹೊರಳುವುದು ಮಾತ್ರ ತಾನಾಗಿ ಅಪರೂಪ. ಅದನ್ನು ಒಳಗೇ ಇಡಲು ಕೋಶ ಎಟಿಪಿ ವ್ಯಯಿಸುತ್ತದೆ. ಕೋಶ ಸಾಯುವ ಹಾದಿ ಹಿಡಿದಾಗ ಈ ಲಿಪಿಡ್ ಹೊರಪದರದಲ್ಲಿ ಕಾಣಿಸಿಕೊಳ್ಳುತ್ತದೆ, ಭಕ್ಷಕ ಕೋಶಗಳು ಅದನ್ನು ಗುರುತಿಸಿ ಆ ಕೋಶವನ್ನು ತೆರವು ಮಾಡುತ್ತವೆ.

ಬಾಲಗಳ ಬಗೆಯೂ ಮುಖ್ಯ ಎಂಬುದಕ್ಕೆ ಶ್ವಾಸಕೋಶದ ಒಂದು ಲಿಪಿಡನ್ನು ಹತ್ತಿರದಿಂದ ನೋಡಿ. ಸಾಮಾನ್ಯ ಫಾಸ್ಫಟೈಡಿಲ್ ಕೋಲಿನ್‌ನಲ್ಲಿ ಮೊದಲ ಬಾಲ ಪರ್ಯಾಪ್ತ, ಎರಡನೆಯದು ಅಪರ್ಯಾಪ್ತ. ಶ್ವಾಸಕೋಶದ ಗಾಳಿಗೂಡುಗಳ ಒಳಮೈಗೆ ಸವರಿದ ದ್ರವದಲ್ಲಿ ಪ್ರಧಾನವಾಗಿರುವುದು ಎರಡೂ ಬಾಲಗಳು 16:0 ಆಗಿರುವ ರೂಪ. ಬಾಗಿಲ್ಲದ ಬಾಲಗಳಾದ್ದರಿಂದ, ಉಸಿರು ಬಿಟ್ಟು ಗೂಡು ಕುಗ್ಗಿದಾಗ ಈ ಅಣುಗಳು ನೀರಿನ ಮೇಲ್ಮೈಯಲ್ಲಿ ಒತ್ತೊತ್ತಾಗಿ ನಿಂತು ಮೇಲ್ಮೈ ಎಳೆತವನ್ನು ಬಹಳವಾಗಿ ತಗ್ಗಿಸುತ್ತವೆ. ಇಲ್ಲದಿದ್ದರೆ ಆ ಎಳೆತಕ್ಕೆ ಸಣ್ಣ ಗೂಡುಗಳು ಮುದುಡಿಹೋಗುತ್ತಿದ್ದವು. ಅವಧಿಗೆ ಬಹಳ ಮುಂಚೆ ಹುಟ್ಟಿದ ಶಿಶುಗಳು ಉಸಿರಾಟಕ್ಕೆ ಕಷ್ಟಪಡುವುದಕ್ಕೆ ಈ ದ್ರವ ಇನ್ನೂ ಸಾಕಷ್ಟು ತಯಾರಾಗಿರದಿರುವುದು ಪ್ರಮುಖ ಕಾರಣ, ಇದನ್ನೇ ಔಷಧವಾಗಿ ಶ್ವಾಸನಾಳದ ಮೂಲಕ ಕೊಡುವುದು ಇಂದು ರೂಢಿಯಲ್ಲಿರುವ ಚಿಕಿತ್ಸೆ. ಎರಡು ಸರಪಳಿಗಳಲ್ಲಿ ದ್ವಿಬಂಧ ಇಲ್ಲದಿರುವುದರ ಬೆಲೆ ಇಷ್ಟು ದೊಡ್ಡದು.

ಹಂತ 5: ಬೆನ್ನೆಲುಬು ಗ್ಲಿಸರಾಲ್ ಹೌದೇ ಅಲ್ಲವೇ ಪರೀಕ್ಷಿಸಿ

ಎರಡು ಬಾಲ, ಒಂದು ತಲೆ ಕಂಡೊಡನೆ ಗ್ಲಿಸರಾಲ್ ಆಧಾರಿತ ಲಿಪಿಡ್ ಎಂದು ತೀರ್ಮಾನಿಸಬೇಡಿ. ಬಾಲ ಅಂಟಿರುವ ಜಾಗದಲ್ಲಿ ಸಾರಜನಕವನ್ನು ಹುಡುಕಿ. ಕೊಬ್ಬಿನ ಆಮ್ಲವು ಸಾರಜನಕಕ್ಕೆ ಅಮೈಡ್ ಬಂಧದಿಂದ ಸೇರಿದ್ದರೆ ಅದು ಸ್ಫಿಂಗೋಲಿಪಿಡ್. ಇದರ ಬೆನ್ನೆಲುಬು ಸ್ಫಿಂಗೋಸಿನ್ ಎಂಬ 18 ಇಂಗಾಲಗಳ ಅಮೈನೋ ಆಲ್ಕೋಹಾಲ್. ಅದಕ್ಕೆ ತನ್ನದೇ ಉದ್ದ ಸರಪಳಿ ಇರುವುದರಿಂದ, ಸೇರಿರುವ ಕೊಬ್ಬಿನ ಆಮ್ಲ ಒಂದೇ ಆದರೂ ಬಾಲಗಳು ಎರಡು ಕಾಣುತ್ತವೆ. ಪರೀಕ್ಷೆಗಳಲ್ಲಿ ಅಂಕ ಕಳೆದುಕೊಳ್ಳುವುದು ಇಲ್ಲಿಯೇ.

ಕೊಬ್ಬಿನ ಆಮ್ಲ ಸೇರಿದ ಸ್ಫಿಂಗೋಸಿನ್‌ಗೆ ಸೆರಮೈಡ್ ಎಂದು ಹೆಸರು. ಚರ್ಮದ ಹೊರಪದರದಲ್ಲಿ ಸೆರಮೈಡ್, ಕೊಲೆಸ್ಟ್ರಾಲ್ ಮತ್ತು ಕೊಬ್ಬಿನ ಆಮ್ಲಗಳು ಸೇರಿ ದೇಹದ ನೀರು ಆವಿಯಾಗದಂತೆ ತಡೆಯುತ್ತವೆ. ಅದರ ತಲೆಗೆ ಫಾಸ್ಫೇಟ್ ಮತ್ತು ಕೋಲಿನ್ ಸೇರಿದರೆ ಸ್ಫಿಂಗೋಮೈಲಿನ್. ನರತಂತುಗಳನ್ನು ಸುತ್ತುವ ಮೈಲಿನ್ ಹೊದಿಕೆಯಲ್ಲಿ ಇದಿದೆ. ಫಾಸ್ಫೇಟ್ ಇರುವುದರಿಂದ ಇದು ಫಾಸ್ಫೋಲಿಪಿಡ್ ಕೂಡ ಹೌದು, ವರ್ಗಗಳು ಹೀಗೆ ಒಂದರ ಮೇಲೊಂದು ಹಾಯ್ದರೆ ಗಾಬರಿಯಾಗಬೇಡಿ. ತಲೆಯಲ್ಲಿ ಸಕ್ಕರೆಗಳಿದ್ದರೆ ಗ್ಲೈಕೋಲಿಪಿಡ್. ಇವು ಪೊರೆಯ ಹೊರಮುಖದಲ್ಲಿದ್ದು ಗುರುತಿನ ಕೆಲಸ ಮಾಡುತ್ತವೆ. ಎ, ಬಿ, ಒ ರಕ್ತದ ಗುಂಪುಗಳ ಗುರುತನ್ನು ಕೆಂಪು ಕಣಗಳ ಮೇಲೆ ಹೊತ್ತ ಅಣುಗಳಲ್ಲಿ ಇವೂ ಸೇರಿವೆ. ಕಟ್ಟುವುದರಷ್ಟೇ ಕಳಚುವುದೂ ಮುಖ್ಯ. ಜಿಎಂ2 ಎಂಬ ಗ್ಲೈಕೋಲಿಪಿಡಿನಿಂದ ಒಂದು ಸಕ್ಕರೆಯನ್ನು ಕಳಚುವ ಕಿಣ್ವ ಹುಟ್ಟಿನಿಂದಲೇ ಇಲ್ಲದಿದ್ದರೆ, ಅದು ನರಕೋಶಗಳಲ್ಲಿ ತುಂಬಿಕೊಂಡು ಟೇ-ಸ್ಯಾಕ್ಸ್ ಎಂಬ ತೀವ್ರ ರೋಗವಾಗುತ್ತದೆ.

ಹಂತ 6: ಉಂಗುರಗಳಿದ್ದರೆ ಓದುವ ರೀತಿ ಬದಲಿಸಿ

ಕೊಲೆಸ್ಟ್ರಾಲಿನಲ್ಲಿ ಬಾಗಬಲ್ಲ ಉದ್ದ ಸರಪಳಿಯ ಜಾಗದಲ್ಲಿ ಒಂದಕ್ಕೊಂದು ಬೆಸೆದ ನಾಲ್ಕು ಉಂಗುರಗಳಿವೆ: ಮೂರು ಆರು ಇಂಗಾಲಗಳವು, ಒಂದು ಐದು ಇಂಗಾಲಗಳದ್ದು. ಒಟ್ಟು ಇಂಗಾಲಗಳು 27. ಮೂರನೆಯ ಇಂಗಾಲದ ಮೇಲೆ ಒಂದೇ ಒಂದು ಹೈಡ್ರಾಕ್ಸಿಲ್ ಗುಂಪು, ಎದುರು ತುದಿಯಲ್ಲಿ ಚಿಕ್ಕ ಸರಪಳಿ. ಜಲಾಕರ್ಷಕ ತಲೆ ಇಷ್ಟು ಪುಟ್ಟದಾಗಿದ್ದರೂ ಇರುವುದಂತೂ ಇದೆ, ಆದ್ದರಿಂದ ಇದು ಪೊರೆಯಲ್ಲಿ ನಿಲ್ಲಬಲ್ಲದು.

ಬಿರುಸಾದ ಆ ಉಂಗುರಗಳು ಫಾಸ್ಫೋಲಿಪಿಡ್ ಬಾಲಗಳ ನಡುವೆ ಸೇರಿದಾಗ, ಬೆಚ್ಚಗಿರುವಾಗ ಬಾಲಗಳ ಅಲುಗಾಟವನ್ನು ಹತೋಟಿಯಲ್ಲಿಡುತ್ತವೆ, ತಂಪಾದಾಗ ಬಾಲಗಳು ಒತ್ತಿಕೊಂಡು ಗಟ್ಟಿಯಾಗುವುದನ್ನು ತಡೆಯುತ್ತವೆ. ಕೊಲೆಸ್ಟ್ರಾಲ್ ಪೊರೆಯನ್ನು ಗಟ್ಟಿ ಮಾಡುತ್ತದೆ ಎಂಬ ಒಂದೇ ಸಾಲಿನ ಉತ್ತರ ಅಪೂರ್ಣ. ಇದೇ ಅಣುವಿನಿಂದ ದೇಹವು ಕಾರ್ಟಿಸಾಲ್, ಆಲ್ಡೋಸ್ಟಿರೋನ್, ಟೆಸ್ಟೋಸ್ಟಿರೋನ್, ಈಸ್ಟ್ರಡಯಾಲ್ ಮೊದಲಾದ ಹಾರ್ಮೋನುಗಳನ್ನು ತಯಾರಿಸುತ್ತದೆ. ಕೊಬ್ಬನ್ನು ಕರುಳಿನಲ್ಲಿ ಸಣ್ಣ ಹನಿಗಳಾಗಿ ಒಡೆಯುವ ಪಿತ್ತಾಮ್ಲಗಳೂ ಇದರಿಂದಲೇ ಆಗುತ್ತವೆ. ಇದರ ತಯಾರಿಕೆಯ ಹಾದಿಯಲ್ಲಿನ ಅಣುವೊಂದು ಚರ್ಮದಲ್ಲಿ ಸೂರ್ಯನ ಅತಿನೇರಳೆ ಕಿರಣಕ್ಕೆ ಒಡ್ಡಿಕೊಂಡಾಗ ವಿಟಮಿನ್ ಡಿ ಹುಟ್ಟುತ್ತದೆ. ನಮ್ಮ ದೇಹದಲ್ಲಿ ಈ ಉಂಗುರಗಳನ್ನು ಒಡೆಯುವ ಕಿಣ್ವಗಳಿಲ್ಲ, ಆದ್ದರಿಂದ ಕೊಲೆಸ್ಟ್ರಾಲಿನಿಂದ ಶಕ್ತಿ ದೊರೆಯುವುದಿಲ್ಲ, ಅದು ಮುಖ್ಯವಾಗಿ ಪಿತ್ತರಸದ ಮೂಲಕ ಹೊರಹೋಗಬೇಕು. ಕೊಲೆಸ್ಟ್ರಾಲನ್ನು ಕೊಬ್ಬಿನ ಇನ್ನೊಂದು ಹೆಸರಾಗಿ ಬಳಸುವವರು ಈ ಒಂದು ಸಂಗತಿಯನ್ನು ನೆನಪಿಡಬೇಕು.

ಹಂತ 7: ಪೊರೆಯ ಅಣುವಿನಲ್ಲಿ ಸಂಕೇತ ಅಡಗಿದೆಯೇ ನೋಡಿ

ಪೊರೆಯ ಲಿಪಿಡ್‌ಗಳು ಬರಿಯ ಗೋಡೆಯಾಗಿ ನಿಂತಿಲ್ಲ. ಫಾಸ್ಫೋಲಿಪಿಡಿನ ಎರಡನೆಯ ಬಾಲವಾಗಿ 20:4 ಅಂದರೆ ಅರಾಕಿಡಾನಿಕ್ ಆಮ್ಲ ಇದ್ದರೆ ಅದನ್ನು ಗುರುತಿಸಿಕೊಳ್ಳಿ. ಫಾಸ್ಫೋಲೈಪೇಸ್ ಎ2 ಎಂಬ ಕಿಣ್ವ ಆ ಬಾಲವನ್ನು ಕತ್ತರಿಸಿ ಬಿಡುಗಡೆ ಮಾಡಿದಾಗ, ಅದರಿಂದ ಉರಿಯೂತ ಮತ್ತು ನೋವಿಗೆ ಸಂಬಂಧಿಸಿದ ಪ್ರೋಸ್ಟಗ್ಲಾಂಡಿನ್‌ಗಳು, ರಕ್ತ ಹೆಪ್ಪುಗಟ್ಟಲು ನೆರವಾಗುವ ಥ್ರಾಂಬಾಕ್ಸೇನ್, ಶ್ವಾಸನಾಳವನ್ನು ಸಂಕುಚಿಸುವ ಲ್ಯೂಕೋಟ್ರೈನ್‌ಗಳು ತಯಾರಾಗುತ್ತವೆ. ಆಸ್ಪಿರಿನ್ ಪ್ರೋಸ್ಟಗ್ಲಾಂಡಿನ್‌ಗಳ ತಯಾರಿಕೆಯನ್ನು ತಡೆಯುತ್ತದೆ ಎಂಬುದನ್ನು ಜಾನ್ ವೇನ್ 1971ರಲ್ಲಿ ತೋರಿಸಿದರು; ಅವರು ಬರ್ಗ್‌ಸ್ಟ್ರಾಮ್ ಮತ್ತು ಸ್ಯಾಮುವೆಲ್ಸನ್ ಅವರೊಡನೆ 1982ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ತಲೆಯ ಭಾಗದಿಂದಲೂ ಸಂಕೇತ ಹೊರಡುತ್ತದೆ: ಇನಾಸಿಟಾಲ್ ತಲೆಯುಳ್ಳ ಲಿಪಿಡ್ ತುಂಡಾದಾಗ ನೀರಿನಲ್ಲಿ ಕರಗುವ ತಲೆ ಕೋಶದೊಳಗೆ ಹರಡಿ ಕ್ಯಾಲ್ಸಿಯಂ ಬಿಡುಗಡೆ ಮಾಡಿಸುತ್ತದೆ, ಬಾಲಗಳ ಭಾಗ ಪೊರೆಯಲ್ಲಿಯೇ ಉಳಿದು ಬೇರೊಂದು ಕಿಣ್ವವನ್ನು ಚುರುಕುಗೊಳಿಸುತ್ತದೆ.

ಹಂತ 8: ನೀರಿನ ಹಾದಿಯಲ್ಲಿ ಸಾಗಣೆಯನ್ನು ಪತ್ತೆಹಚ್ಚಿ

ರಕ್ತ ಬಹುಪಾಲು ನೀರು, ಸಾಗಬೇಕಾದದ್ದು ನೀರಿನಲ್ಲಿ ಕರಗದ ವಸ್ತು. ಹೀಗಾಗಿ ಟ್ರೈಗ್ಲಿಸರೈಡ್‌ನಂಥ ಜಲವಿಕರ್ಷಕ ಲಿಪಿಡ್‌ಗಳನ್ನು ನಡುವೆ ಇಟ್ಟು, ಸುತ್ತಲೂ ಒಂದೇ ಪದರದ ಫಾಸ್ಫೋಲಿಪಿಡ್ ಮತ್ತು ಪ್ರೋಟೀನ್ ಹೊದಿಸಿದ ಕಣಗಳು ರಕ್ತದಲ್ಲಿ ಸಂಚರಿಸುತ್ತವೆ, ಇವೇ ಲೈಪೋಪ್ರೋಟೀನ್‌ಗಳು. ಇಲ್ಲಿ ಹೊದಿಕೆ ಒಂದೇ ಪದರದ್ದು, ಏಕೆಂದರೆ ಒಳಗೆ ನೀರಿಲ್ಲ. ಇದನ್ನು ದ್ವಿಪದರವಾಗಿ ಬರೆದರೆ ಇಡೀ ತರ್ಕವೇ ತಪ್ಪಾಗುತ್ತದೆ. ಕರುಳಿನಿಂದ ಹೊರಡುವ ಕೈಲೋಮೈಕ್ರಾನ್ ಎಂಬ ಇಂಥ ಕಣಗಳು ಮೊದಲು ದುಗ್ಧರಸ ನಾಳಗಳ ಮೂಲಕ ಸಾಗಿ ಆಮೇಲೆ ರಕ್ತಕ್ಕೆ ಸೇರುತ್ತವೆ.

ಎಲ್‌ಡಿಎಲ್ (ಕಡಿಮೆ ಸಾಂದ್ರತೆಯ ಲೈಪೋಪ್ರೋಟೀನ್) ಮತ್ತು ಎಚ್‌ಡಿಎಲ್ (ಹೆಚ್ಚು ಸಾಂದ್ರತೆಯ ಲೈಪೋಪ್ರೋಟೀನ್) ಎರಡು ಬಗೆಯ ಕೊಲೆಸ್ಟ್ರಾಲ್ ಎಂಬುದು ಬಹಳ ಹರಡಿರುವ ತಪ್ಪು ತಿಳಿವಳಿಕೆ. ಇವೆರಡೂ ಕಣಗಳು, ಎರಡರೊಳಗೂ ಇರುವ ಕೊಲೆಸ್ಟ್ರಾಲ್ ಅಣು ಒಂದೇ. ರಕ್ತದಲ್ಲಿ ಎಲ್‌ಡಿಎಲ್ ಹೆಚ್ಚಾದರೆ ಅದು ಅಪಧಮನಿಯ ಗೋಡೆಯಲ್ಲಿ ಸೇರಿಕೊಂಡು ಹಾನಿ ಮಾಡುತ್ತದೆ. ಕೋಶಗಳು ಗ್ರಾಹಕಗಳ ಮೂಲಕ ಅದನ್ನು ಒಳಗೆಳೆದುಕೊಳ್ಳುತ್ತವೆ ಎಂಬುದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು.

ಹಂತ 9: ಕಲಿತದ್ದನ್ನು ಎರಡು ಅಣುಗಳ ಮೇಲೆ ಪರೀಕ್ಷಿಸಿ

ಮೊದಲನೆಯದು: ಕೊಲೆಸ್ಟ್ರಾಲಿನ ಹೈಡ್ರಾಕ್ಸಿಲ್ ಗುಂಪಿಗೆ ಲಿನೋಲಿಯಿಕ್ ಆಮ್ಲವನ್ನು ಎಸ್ಟರ್ ಬಂಧದಿಂದ ಸೇರಿಸಿ ಬರೆಯಿರಿ. ಇದ್ದ ಒಂದೇ ಜಲಾಕರ್ಷಕ ಗುಂಪು ಮುಗಿದುಹೋಯಿತು. ಆದ್ದರಿಂದ ಈ ಅಣು ಪೊರೆಯಲ್ಲಿ ನಿಲ್ಲಲಾರದು, ಹನಿಯ ಅಥವಾ ಕಣದ ನಡುಭಾಗಕ್ಕೆ ಸರಿಯಬೇಕು ಎಂದು ನೀವು ಊಹಿಸಿದರೆ ಸರಿಯಾಗಿ ಓದಿದ್ದೀರಿ: ಎಲ್‌ಡಿಎಲ್ ಕಣದ ಒಡಲಿನಲ್ಲಿ ಮುಖ್ಯವಾಗಿ ತುಂಬಿರುವುದು ಕೊಲೆಸ್ಟ್ರಾಲಿನ ಇಂಥ ಎಸ್ಟರ್‌ಗಳೇ.

ಎರಡನೆಯದು: ಫಾಸ್ಫಟೈಡಿಲ್ ಕೋಲಿನ್‌ನ ಎರಡನೆಯ ಬಾಲವನ್ನು ಅಳಿಸಿ, ಆ ಜಾಗದಲ್ಲಿ ಹೈಡ್ರಾಕ್ಸಿಲ್ ಗುಂಪನ್ನು ಮರಳಿ ಬರೆಯಿರಿ. ದೊಡ್ಡ ತಲೆ, ಒಂದೇ ಬಾಲ. ಹಂತ 4ರ ಪ್ರಕಾರ ಇಂಥ ಅಣು ಹಾಳೆಯಲ್ಲಿ ನಿಲ್ಲುವುದಕ್ಕಿಂತ ಗೋಳವಾಗಿ ಬಾಗುವುದಕ್ಕೆ ಹೊಂದುತ್ತದೆ, ಪೊರೆಯಲ್ಲಿ ಇದರ ಪ್ರಮಾಣ ಹೆಚ್ಚಾದರೆ ದ್ವಿಪದರ ಸಡಿಲಗೊಂಡು ಒಡೆಯಬೇಕು. ಹಾವಿನ ಹಲವು ವಿಷಗಳಲ್ಲಿರುವ ಫಾಸ್ಫೋಲೈಪೇಸ್ ಎ2 ಕತ್ತರಿಸುವುದು ಈ ಎರಡನೆಯ ಬಾಲವನ್ನೇ, ಹಾಗೆ ಉಳಿದ ಒಂದು ಬಾಲದ ಅಣುಗಳು ಕೆಂಪು ರಕ್ತಕಣಗಳ ಪೊರೆಯನ್ನು ಒಡೆಯಬಲ್ಲವು. ಈ ಉತ್ತರವನ್ನು ಪುಸ್ತಕ ನೋಡದೆ, ಚಿತ್ರವೊಂದರಿಂದಲೇ ನೀವು ತಲುಪಿದ್ದರೆ ಪಠ್ಯದ ಪಟ್ಟಿಯನ್ನು ಈಗ ಮತ್ತೆ ತೆರೆಯಬಹುದು. ತಲುಪದಿದ್ದರೆ ಹಂತ 2 ಮತ್ತು 4ರ ಚಿತ್ರಗಳನ್ನು ಇನ್ನೊಮ್ಮೆ ಬರೆದು, ಇದೇ ಎರಡು ಅಣುಗಳಿಗೆ ಹಿಂತಿರುಗಿ.